ಒಂದು ಡಾಲರಿನ ಆಟಗಾರ

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡದಲ್ಲಿ ಒಬ್ಬ ಹುಡುಗನಿದ್ದ. ತಂಡದಲ್ಲಿದ್ದ ಎನ್ನುವುದಕ್ಕಿಂತ ತಂಡದ ಹಿಂದೆ ಇದ್ದ ಎನ್ನುವುದು ಸರಿ. ಪಂದ್ಯ ಮುಗಿದ ಮೇಲೆ ಆಟಗಾರರು ಬಿಚ್ಚಿಹಾಕಿದ ಮಣ್ಣು ಮೆತ್ತಿದ ಉಡುಪುಗಳನ್ನು ಒಗೆಯುವುದು, ಚೆಂಡು ದಾಂಡುಗಳನ್ನು ಲೆಕ್ಕವಿಟ್ಟು ಎತ್ತಿಡುವುದು ಅವನ ಕೆಲಸ. ಆ ಉಡುಪುಗಳಲ್ಲಿ ಒಂದನ್ನು ತಾನೇ ತೊಡಬೇಕೆಂಬ ಆಸೆಯಿಂದಲೇ ಅವನು ಅಲ್ಲಿಗೆ ಬಂದಿದ್ದ. ಆಯ್ಕೆಗೆ ನಿಂತಿದ್ದ. ಬೇಡವೆಂದು ಕಳಿಸಿದ್ದರು. ಆದರೂ ಮೈದಾನ ಬಿಟ್ಟು ಹೋಗಲು ಮನಸ್ಸಾಗದೆ, ಸಾಮಾನು ನೋಡಿಕೊಳ್ಳುವ ಕೆಲಸವನ್ನಾದರೂ ಕೊಡಿ ಎಂದು ಅಲ್ಲೇ ಉಳಿದಿದ್ದ. ಹೀಗೆ ಎರಡು ವರ್ಷ ಕಳೆಯಿತು.

ಅವನ ಹೆಸರು ಡೇನಿಯಲ್ ನಾವಾ. ಹುಟ್ಟಿದ್ದು 1983ರಲ್ಲಿ. ಹೈಸ್ಕೂಲಿನಲ್ಲಿ ಓರಗೆಯ ಹುಡುಗರೆಲ್ಲ ಎತ್ತರಕ್ಕೆ ಬೆಳೆಯುತ್ತಿದ್ದಾಗ ಇವನು ಗಿಡ್ಡನಾಗಿಯೇ ಉಳಿದ. ಹೈಸ್ಕೂಲು ಮುಗಿಸುವ ಹೊತ್ತಿಗೂ ಐದೂವರೆ ಅಡಿ ದಾಟಿರಲಿಲ್ಲ. ಅಷ್ಟು ಸಣ್ಣ ಹುಡುಗನ ಮೇಲೆ ಯಾವ ತರಬೇತುದಾರನಿಗೆ ತಾನೇ ನಂಬಿಕೆ ಹುಟ್ಟೀತು? ಸಾಂತಾ ಕ್ಲಾರಾ ಖಾಸಗಿ ವಿಶ್ವವಿದ್ಯಾಲಯ. ಅಲ್ಲಿನ ಶುಲ್ಕ ಕಟ್ಟುವುದೂ ಕೊನೆಗೆ ಕಷ್ಟವಾಯಿತು. ನಾವಾ ಅಲ್ಲಿಂದ ಹೊರಬಿದ್ದು, ಶುಲ್ಕ ಕಡಿಮೆಯಿರುವ ಕಾಲೇಜ್ ಆಫ್ ಸ್ಯಾನ್ ಮಟೇಯೊ ಎಂಬ ಎರಡು ವರ್ಷದ ಕಾಲೇಜು ಸೇರಿದ.

ಅಷ್ಟರಲ್ಲಿ ಮೈ ಬೆಳೆದಿತ್ತು, ತೋಳಿಗೆ ಕಸುವು ಬಂದಿತ್ತು. ಆ ಕಾಲೇಜಿನಲ್ಲಿ ಅವನ ಆಟ ಎಷ್ಟು ಚೆನ್ನಾಗಿ ಕುದುರಿತೆಂದರೆ, ಹಿಂದೆ ಬೇಡವೆಂದಿದ್ದ ಸಾಂತಾ ಕ್ಲಾರಾವೇ ವಿದ್ಯಾರ್ಥಿವೇತನ ಕೊಟ್ಟು ಮತ್ತೆ ಕರೆಯಿತು. ಬಟ್ಟೆ ಒಗೆದಿದ್ದ ಹುಡುಗ ಅದೇ ಬಟ್ಟೆ ತೊಟ್ಟು ಆಡಿದ. ಆಡಿ ತಂಡದ ಉತ್ತಮ ದಾಂಡಿಗರಲ್ಲಿ ಒಬ್ಬನೆನಿಸಿದ.

ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ನೀತಿಕಥೆಯಾಗುತ್ತಿತ್ತು. ಆದರೆ ಮುಗಿಯಲಿಲ್ಲ. ಅಮೆರಿಕದ ವೃತ್ತಿಪರ ಬೇಸ್‌ಬಾಲ್ ತಂಡಗಳು ಪ್ರತಿವರ್ಷ ಹೈಸ್ಕೂಲು ಕಾಲೇಜುಗಳ ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. 2006ರಲ್ಲಿ ಈ ಆಯ್ಕೆ 50 ಸುತ್ತು ನಡೆದು ಸುಮಾರು ಒಂದೂವರೆ ಸಾವಿರ ಹುಡುಗರ ಹೆಸರು ಕೂಗಿದರು. ಅಷ್ಟು ಹೆಸರುಗಳಲ್ಲಿ ಡೇನಿಯಲ್ ನಾವಾನ ಹೆಸರು ಇರಲಿಲ್ಲ. ಅದೇ ವರ್ಷ ಅವನು ಚಿಕೊ ಎಂಬ ಸಣ್ಣ ನಗರಕ್ಕೆ ಹೋಗಿ, ಅಲ್ಲಿನ ಚಿಕೊ ಔಟ್‌ಲಾಸ್ ಎಂಬ ಸ್ವತಂತ್ರ ತಂಡದ ಆಯ್ಕೆಗೆ ನಿಂತ. ಅಲ್ಲಿಯೂ ಬೇಡವೆಂದರು.

ಸ್ವತಂತ್ರ ತಂಡ ಎಂದರೇನು? ಅದಕ್ಕೂ ಬೇಡವಾಗುವುದೆಂದರೇನು? ಇದು ತಿಳಿಯಬೇಕಾದರೆ ಆ ದೇಶದಲ್ಲಿ ಬೇಸ್‌ಬಾಲಿನ ಏಣಿ ಹೇಗಿದೆಯೆಂದು ನೋಡಬೇಕು.

ಏಣಿಯ ತುದಿಯಲ್ಲಿ ಮೇಜರ್ ಲೀಗಿನ 30 ತಂಡಗಳಿವೆ. ನ್ಯೂಯಾರ್ಕ್, ಬಾಸ್ಟನ್, ಷಿಕಾಗೊಗಳಂಥ ದೊಡ್ಡ ನಗರಗಳ ತಂಡಗಳಿವು. ಕೋಟಿಗಟ್ಟಲೆ ಡಾಲರ್ ಸಂಬಳ, ದೂರದರ್ಶನ, ಕೀರ್ತಿ ಎಲ್ಲ ಇಲ್ಲಿ. ಇವುಗಳ ಕೆಳಗೆ ಮೈನರ್ ಲೀಗುಗಳ ಮೆಟ್ಟಿಲುಗಳು. ಸಣ್ಣ ಊರುಗಳಲ್ಲಿ ಆಡುವ ಈ ತಂಡಗಳು ಒಂದೊಂದೂ ಒಂದೊಂದು ಮೇಜರ್ ತಂಡಕ್ಕೆ ಸೇರಿದವು. ಆಟಗಾರನನ್ನು ಆರಿಸುವುದು, ಅವನಿಗೆ ಸಂಬಳ ಕೊಡುವುದು, ಯಾವ ಮೆಟ್ಟಿಲಿನಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವುದು ಎಲ್ಲವೂ ಮೇಲಿನ ಯಜಮಾನನ ಕೈಯಲ್ಲಿ. ಊರವರು ಒಬ್ಬ ಹುಡುಗನನ್ನು ಮೆಚ್ಚಿ ತಮ್ಮವನೆಂದು ಎದೆಗೆ ಹಚ್ಚಿಕೊಂಡಿರುತ್ತಾರೆ. ತಂಡ ಗೆಲ್ಲುವ ಹಾದಿಯಲ್ಲಿರುತ್ತದೆ. ಅಷ್ಟರಲ್ಲಿ ಮೇಲಿನಿಂದ ಫೋನು ಬಂದು ಹುಡುಗ ರಾತ್ರೋರಾತ್ರಿ ಗಂಟುಮೂಟೆ ಕಟ್ಟುತ್ತಾನೆ. ಊರಿನ ಗೆಲುವು ಸೋಲು ಯಜಮಾನನ ಲೆಕ್ಕದಲ್ಲಿ ದೊಡ್ಡದಲ್ಲ. ಅವನಿಗೆ ಬೇಕಾದದ್ದು ಪಳಗಿದ ಆಟಗಾರ.

ಸ್ವತಂತ್ರ ಲೀಗುಗಳು ಈ ಏಣಿಯ ಹೊರಗೆ ನಿಂತಿವೆ. ಈ ತಂಡಗಳಿಗೆ ಯಜಮಾನನಿಲ್ಲ. ಆಟಗಾರರನ್ನು ತಾವೇ ಹುಡುಕಬೇಕು, ಸಂಬಳ ತಾವೇ ಹೊಂದಿಸಬೇಕು. ಆ ಸಂಬಳ ಬರುವುದು ಊರವರು ಕೊಳ್ಳುವ ಟಿಕೆಟ್ಟಿನಿಂದ, ಸಾಸೇಜು ಬನ್ನಿನಿಂದ, ಮೈದಾನದ ಗೋಡೆಯ ಮೇಲೆ ಊರಿನ ಅಂಗಡಿಯವರು ಬರೆಸುವ ಜಾಹೀರಾತಿನಿಂದ. ಇಲ್ಲಿಗೆ ಬರುವ ಆಟಗಾರರಲ್ಲಿ ಎರಡು ಬಗೆ. ಏಣಿಯ ಮೊದಲ ಮೆಟ್ಟಿಲಿಗೂ ಯಾರೂ ಕರೆಯದವರು ಒಂದು ಬಗೆ. ಸ್ವಲ್ಪ ಹತ್ತಿ, ಗಾಯದಿಂದಲೋ ವಯಸ್ಸಿನಿಂದಲೋ ಕೆಳಗೆ ಬಿದ್ದವರು ಇನ್ನೊಂದು ಬಗೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರುತ್ತಾರೆ.

ಈಗಿರುವ ಸ್ವತಂತ್ರ ಲೀಗುಗಳ ಕಥೆ ಶುರುವಾದದ್ದು 1993ರಲ್ಲಿ. ಅದಕ್ಕೆ ಮೂರು ವರ್ಷ ಹಿಂದೆ, 1990ರಲ್ಲಿ, ಮೇಜರ್ ಮತ್ತು ಮೈನರ್ ಲೀಗುಗಳ ನಡುವೆ ಹೊಸ ಒಪ್ಪಂದವಾಗಿತ್ತು. ಮೈನರ್ ತಂಡ ಬೇಕೆನ್ನುವ ಊರಿನ ಕ್ರೀಡಾಂಗಣದಲ್ಲಿ ಇಂತಿಷ್ಟು ಆಸನ, ಇಂಥ ದೀಪ, ಇಂಥ ಉಡುಪುಕೋಣೆ ಇರಲೇಬೇಕು ಎಂಬ ಕಟ್ಟಳೆಗಳು ಬಂದವು. ಹಳೆಯ ಮರದ ಗ್ಯಾಲರಿಯ ಊರುಗಳಿಗೆ ಇದು ಎಟುಕದ ಮಾತು. ಮೈದಾನವಿದ್ದೂ ತಂಡವಿಲ್ಲದ ಊರುಗಳು ಹೀಗೆ ಉಳಿದುಕೊಂಡವು. ಡರ್‌ಹ್ಯಾಮ್ ಬುಲ್ಸ್ ಎಂಬ ಮೈನರ್ ತಂಡವನ್ನು ಅತ್ಯಂತ ಅಗ್ಗದಲ್ಲಿ ಕೊಂಡು, ಹತ್ತು ವರ್ಷದಲ್ಲಿ ಅದನ್ನು ಹೆಸರುವಾಸಿಯಾಗಿಸಿದ್ದ ಮೈಲ್ಸ್ ವುಲ್ಫ್ ಎಂಬಾತ ಇಂಥ ಊರುಗಳ ಪಟ್ಟಿ ಮಾಡಿದ. ಅಮೆರಿಕದ ಉತ್ತರದ ಚಳಿನಾಡಿನಲ್ಲಿ ಆರು ಊರುಗಳನ್ನು ಹೊಂದಿಸಿ ನಾರ್ದರ್ನ್ ಲೀಗ್ ಕಟ್ಟಿದ. ಸೇಂಟ್ ಪಾಲ್, ಡುಲುತ್, ರೋಚೆಸ್ಟರ್, ಸೂ ಸಿಟಿ, ಸೂ ಫಾಲ್ಸ್, ಗಡಿಯಾಚೆ ಕೆನಡಾದ ಥಂಡರ್ ಬೇ ಆ ಊರುಗಳು. ಅದೇ ವರ್ಷ ಓಹಾಯೊ ಸುತ್ತಮುತ್ತಲ ಸಣ್ಣ ಊರುಗಳಲ್ಲಿ ಫ್ರಾಂಟಿಯರ್ ಲೀಗ್ ಎಂಬ ಇನ್ನೊಂದು ಹುಟ್ಟಿತು. ಅದರ ಎಂಟು ತಂಡಗಳಲ್ಲಿ ಎರಡು ಮೊದಲ ಋತುವಿನ ನಡುವೆಯೇ ಬಾಗಿಲು ಹಾಕಿದವು. ಅಷ್ಟು ನಾಜೂಕಿನ ವ್ಯವಹಾರ ಇದು.

ಸೇಂಟ್ ಪಾಲ್ ನಗರದ ಸೇಂಟ್ಸ್ ತಂಡದ ಬಗ್ಗೆ ಆಗ ನಗದವರಿಲ್ಲ. ನದಿಯಾಚೆಯ ಮಿನಿಯಾಪೊಲಿಸ್‌ನಲ್ಲಿ ಮೇಜರ್ ಲೀಗಿನ ಟ್ವಿನ್ಸ್ ತಂಡವೇ ಇರುವಾಗ ಈ ಬಿಡಿ ತಂಡವನ್ನು ಯಾರು ನೋಡುತ್ತಾರೆ? ಅದರ ಉಸ್ತುವಾರಿ ಹೊತ್ತ ಮೈಕ್ ವೀಕ್ ಕೂಡ ತಿರಸ್ಕೃತನೇ. 1979ರಲ್ಲಿ ಷಿಕಾಗೊದ ಮೇಜರ್ ತಂಡದಲ್ಲಿದ್ದಾಗ ಅವನು ಪಂದ್ಯಗಳ ನಡುವೆ ಡಿಸ್ಕೊ ಸಂಗೀತದ ತಟ್ಟೆಗಳನ್ನು ಸ್ಫೋಟಿಸುವ ತಮಾಷೆಯೊಂದನ್ನು ಏರ್ಪಡಿಸಿದ್ದ. ಜನ ಮೈದಾನಕ್ಕೆ ನುಗ್ಗಿ ದೊಂಬಿಯಾಯಿತು. ಎರಡನೆಯ ಪಂದ್ಯವನ್ನು ಷಿಕಾಗೊ ಆಡದೆಯೇ ಬಿಟ್ಟುಕೊಡಬೇಕಾಯಿತು. ಆ ಬಳಿಕ ಬಹಳ ವರ್ಷ ಬೇಸ್‌ಬಾಲಿನ ಬಾಗಿಲು ಅವನಿಗೆ ಮುಚ್ಚಿತ್ತು. ಸೇಂಟ್ ಪಾಲ್‌ನಲ್ಲಿ ಅವನಿಗೆ ಅವಕಾಶ ಸಿಕ್ಕಿತು. ಅವನು ಹಂದಿಮರಿಯೊಂದಕ್ಕೆ ಚೀಲ ಹೊರಿಸಿ ಅಂಪೈರಿಗೆ ಹೊಸ ಚೆಂಡು ತಲುಪಿಸುವ ಕೆಲಸ ಕೊಟ್ಟ. ಹಾಸ್ಯನಟ ಬಿಲ್ ಮರ್ರೆ ತಂಡದ ಪಾಲುದಾರನಾದ. ಗೋಡೆಯಾಚೆ ಗೂಡ್ಸ್ ರೈಲು ಹಾದುಹೋಗುತ್ತಿದ್ದ ಮಿಡ್‌ವೇ ಮೈದಾನ ತುಂಬತೊಡಗಿತು. ನಕ್ಕವರು ಟಿಕೆಟ್ಟಿಗೆ ಕ್ಯೂ ನಿಂತರು. ಮೊದಲ ವರ್ಷವೇ ಸೇಂಟ್ಸ್ ಪ್ರಶಸ್ತಿ ಗೆದ್ದಿತು.

ಆ ಮೊದಲ ವರ್ಷದ ತಂಡದಲ್ಲಿ ಕೆವಿನ್ ಮಿಲ್ಲಾರ್ ಎಂಬ ಹುಡುಗನಿದ್ದ. ಡ್ರಾಫ್ಟಿನಲ್ಲಿ ಅವನನ್ನೂ ಯಾರೂ ಆರಿಸಿರಲಿಲ್ಲ. ಅಲ್ಲಿಂದ ಫ್ಲಾರಿಡಾ ತಂಡದ ಕಣ್ಣಿಗೆ ಬಿದ್ದು, 1998ರಲ್ಲಿ ಮೇಜರ್ ಲೀಗ್ ತಲುಪಿ, 2004ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ 86 ವರ್ಷಗಳ ನಂತರ ವಿಶ್ವ ಸರಣಿ ಗೆದ್ದಾಗ ಆ ತಂಡದಲ್ಲಿದ್ದ. 2017ರಲ್ಲಿ, 45ನೆಯ ವಯಸ್ಸಿನಲ್ಲಿ, ಹಳೆಯ ಊರಿನ ನೆನಪಿಗಾಗಿ ಒಂದೇ ಒಂದು ಸಲ ಸೇಂಟ್ಸ್ ಪರವಾಗಿ ದಾಂಡು ಹಿಡಿದ. ಚೆಂಡನ್ನು ಗೋಡೆಯಾಚೆಗೆ ಹೊಡೆದ.

ಇಂಥ ಕಥೆಗಳನ್ನು ಓದಿದ ಹುಡುಗರಿಗೆ ಉತ್ಸಾಹ ಬರುವುದು ಸಹಜ. ಆದರೆ ಈ ಬದುಕಿನ ದಿನಚರಿಯೂ ತಿಳಿದಿರಬೇಕು. ಪಂದ್ಯಗಳಿರುವುದು ಮೇ ತಿಂಗಳಿಂದ ಸೆಪ್ಟೆಂಬರಿನ ಮೊದಲ ವಾರಗಳವರೆಗೆ. ಸಂಬಳವೂ ಅಷ್ಟೇ ತಿಂಗಳಿಗೆ. ಹೊಸಬನಿಗೆ ಸಿಗುವ ಹಣದಲ್ಲಿ ಅಮೆರಿಕದಂಥ ದೇಶದಲ್ಲಿ ಬಾಡಿಗೆ ಮನೆ ಹಿಡಿಯುವುದು ಕಷ್ಟ. ಚಳಿಗಾಲದಲ್ಲಿ ಹೊಟ್ಟೆಪಾಡಿಗೆ ಬೇರೆ ಕೆಲಸ ಹುಡುಕಬೇಕು. ಒಂದು ಊರಿನಿಂದ ಇನ್ನೊಂದಕ್ಕೆ ಬಸ್ಸಿನಲ್ಲೇ ಪ್ರಯಾಣ. ಥಂಡರ್ ಬೇಯಿಂದ ಸೂ ಸಿಟಿಗೆ ಸುಮಾರು ಸಾವಿರ ಕಿಲೋಮೀಟರ್. ರಾತ್ರಿಯೆಲ್ಲ ಕುಳಿತೇ ನಿದ್ದೆ ಮಾಡಿ, ಬೆಳಿಗ್ಗೆ ಇಳಿದು, ಸಂಜೆ ಆಡಬೇಕು. ಚೆನ್ನಾಗಿ ಆಡದಿದ್ದರೆ ವಾರದೊಳಗೆ ಕೈಗೆ ಟಿಕೆಟ್ಟು. ಯಜಮಾನನ ತಂಡಗಳಲ್ಲಿ ಹುಡುಗ ಪಳಗಲಿ ಎಂದು ಕಾಯುವವರುಂಟು. ಇಲ್ಲಿ ಗೆಲ್ಲದಿದ್ದರೆ ಪ್ರೇಕ್ಷಕರು ಬರುವುದಿಲ್ಲ, ಪ್ರೇಕ್ಷಕರು ಬರದಿದ್ದರೆ ಸಂಬಳವಿಲ್ಲ.

ಈ ಹುಡುಗರನ್ನು ಹೊತ್ತು ಸಾಕುವುದು ಊರಿನ ಮನೆಗಳು. ಮಕ್ಕಳು ಓದಿಗಾಗಿ ದೂರ ಹೋಗಿ ಖಾಲಿಯಾದ ಕೋಣೆಯನ್ನು ಒಬ್ಬ ಆಟಗಾರನಿಗೆ ಬೇಸಿಗೆಯ ಮಟ್ಟಿಗೆ ಬಿಟ್ಟುಕೊಡುತ್ತಾರೆ. ಬಾಡಿಗೆ ಕೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಪಂದ್ಯ ಮುಗಿಸಿ ಬರುವವನಿಗೆ ಊಟ ಎತ್ತಿಟ್ಟಿರುತ್ತಾರೆ. ಮನೆಯ ಸಣ್ಣ ಮಕ್ಕಳಿಗೆ ಅವನು ಅಣ್ಣನಾಗುತ್ತಾನೆ. ಕ್ರೀಡಾಂಗಣದಲ್ಲಿ ಮನೆಮಂದಿಯೆಲ್ಲ ಕೂತು ತಮ್ಮ ಹುಡುಗ ದಾಂಡು ಹಿಡಿದಾಗ ಎದ್ದು ನಿಲ್ಲುತ್ತಾರೆ. ಒಂದು ದಿನ ತಂಡದವರು ಅವನನ್ನು ಬೇಡವೆಂದರೆ ಮೊದಲು ಅಳುವುದೂ ಆ ಮನೆಯಲ್ಲಿಯೇ. ಹೆತ್ತವರು ದೂರದಲ್ಲಿದ್ದಾಗ ಬೇರೊಬ್ಬ ತಾಯಿ ತಟ್ಟೆ ಮುಚ್ಚಿಟ್ಟು ಕಾಯುವುದು ಅಂಕಪಟ್ಟಿಯಲ್ಲಿ ಬರುವುದಿಲ್ಲ. ಆದರೆ ಆ ತಟ್ಟೆಯಿಲ್ಲದೆ ಈ ಲೀಗುಗಳು ನಡೆಯುತ್ತಿರಲಿಲ್ಲ.

ಸುಪೀರಿಯರ್ ಸರೋವರದ ದಡದ ಡುಲುತ್ ಇಂಥದೊಂದು ಊರು. ಕಬ್ಬಿಣದ ಅದಿರು ಸಾಗಿಸುವ ಬಂದರು. ಸುಮಾರು 86 ಸಾವಿರ ಜನ. ಸರೋವರದ ಮೇಲಿನಿಂದ ಗಾಳಿ ತಿರುಗಿದರೆ ಜೂನ್ ತಿಂಗಳಲ್ಲೂ ಪ್ರೇಕ್ಷಕರು ಕಂಬಳಿ ಹೊದ್ದು ಕೂರಬೇಕು. ಅಲ್ಲಿನ ವೇಡ್ ಸ್ಟೇಡಿಯಂ 1941ರಲ್ಲಿ ಸರ್ಕಾರದ ನಿರುದ್ಯೋಗ ಪರಿಹಾರ ಯೋಜನೆಯಲ್ಲಿ ಕಟ್ಟಿದ್ದು. ಬೀದಿಯೊಂದಕ್ಕೆ ಹಾಸಿದ್ದ ಹಳೆಯ ಇಟ್ಟಿಗೆಗಳನ್ನೇ ಕಿತ್ತು ತಂದು ಗೋಡೆ ಎಬ್ಬಿಸಿದ್ದರು. 1970ರಲ್ಲಿ ಊರಿನ ತಂಡ ಮುಚ್ಚಿಹೋದ ಮೇಲೆ 22 ಬೇಸಿಗೆ ಅಲ್ಲಿ ವೃತ್ತಿಪರ ಬೇಸ್‌ಬಾಲ್ ಇರಲಿಲ್ಲ. ನಾರ್ದರ್ನ್ ಲೀಗಿನ ಜೊತೆ ಡುಲುತ್-ಸುಪೀರಿಯರ್ ಡ್ಯೂಕ್ಸ್ ಬಂದಿತು. ದೀಪಗಳು ಮತ್ತೆ ಹತ್ತಿದವು.

ಆ ಡ್ಯೂಕ್ಸ್ ತಂಡಕ್ಕೆ 1997ರ ಜೂನಿನಲ್ಲಿ ಐಲಾ ಬಾರ್ಡರ್ಸ್ ಬಂದಳು. ಇಪ್ಪತ್ತೆರಡು ವರ್ಷದ ಎಡಗೈ ಎಸೆತಗಾರ್ತಿ. ಕಾಲೇಜಿನಲ್ಲಿ ಗಂಡಸರ ತಂಡದ ಪರವಾಗಿ ಎಸೆದು ಗೆದ್ದವಳು. ವೃತ್ತಿಪರ ಲೀಗಿನಲ್ಲಿ ಹೆಣ್ಣುಮಗಳಿಗೆ ಜಾಗವೆಲ್ಲಿ ಎಂದು ಏಣಿಯವರು ಯೋಚಿಸುವುದಕ್ಕೂ ಹೋಗಿರಲಿಲ್ಲ. ಸೇಂಟ್ ಪಾಲ್ ಮೊದಲು ಕರೆಯಿತು. ಮೇ 31ರಂದು ಮೊದಲ ಸಲ ಎಸೆಯಲು ನಿಂತಾಗ ಒಬ್ಬನನ್ನೂ ಔಟ್ ಮಾಡಲಾಗದೆ ಮೂರು ಓಟ ತೆತ್ತಳು. ಒಂದು ತಿಂಗಳೊಳಗೆ ಅವಳನ್ನು ಡುಲುತ್‌ಗೆ ಬಿಟ್ಟುಕೊಟ್ಟರು.

ಟಿಕೆಟ್ ಮಾರುವುದಕ್ಕೆಂದೇ ಹುಡುಗಿಯನ್ನು ತಂದಿದ್ದಾರೆ ಎಂದು ಆಡಿಕೊಂಡವರಿದ್ದರು. ಮಾತಿನಲ್ಲಿ ಸ್ವಲ್ಪ ನಿಜವೂ ಇದ್ದಿರಬಹುದು. ಸ್ವತಂತ್ರ ತಂಡಗಳು ಟಿಕೆಟ್ಟಿನ ಮೇಲೆ ಬದುಕುವಂಥವು. ಆದರೆ ಟಿಕೆಟ್ ಕೊಂಡವರು ಎದುರಿನ ದಾಂಡಿಗನನ್ನು ಔಟ್ ಮಾಡಿ ಕೊಡಲಾರರು. ಆ ಕೆಲಸ ಅವಳೇ ಮಾಡಬೇಕಿತ್ತು. ಇತರರಷ್ಟು ವೇಗ ಅವಳ ಎಸೆತದಲ್ಲಿರಲಿಲ್ಲ. ಎಲ್ಲಿ ಬೀಳಬೇಕೆಂದು ಅಳೆದು ಎಸೆಯುವ ಜಾಣ್ಮೆ ಇತ್ತು. 1998ರ ಜುಲೈಯಲ್ಲಿ ಅವಳಿಗೆ ಪಂದ್ಯದ ಮೊದಲ ಎಸೆತವನ್ನೇ ಕೊಟ್ಟರು. ಗಂಡಸರ ವೃತ್ತಿಪರ ಲೀಗಿನ ಪಂದ್ಯವನ್ನು ಹೀಗೆ ಆರಂಭಿಸಿದ ಮೊದಲ ಮಹಿಳೆ ಆಕೆ. ಅದೇ ತಿಂಗಳ 24ರಂದು ಸೂ ಫಾಲ್ಸ್ ತಂಡದ ಎದುರು ಆರು ಇನಿಂಗ್ಸ್ ಎಸೆದು ಒಂದು ಓಟವನ್ನೂ ಬಿಡಲಿಲ್ಲ. ಡ್ಯೂಕ್ಸ್ 3-1ರಲ್ಲಿ ಗೆದ್ದಿತು. ಗೆಲುವು ಅವಳ ಹೆಸರಿಗೆ ಬರೆಯಲ್ಪಟ್ಟಿತು.

ಐಲಾ ಮೇಜರ್ ಲೀಗ್ ತಲುಪಲಿಲ್ಲ. 2000ದಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಮತ್ತೊಂದು ಸ್ವತಂತ್ರ ಲೀಗಿನಲ್ಲಿ ಆಡುತ್ತಿದ್ದಾಗ ಇನ್ನು ಸಾಕೆಂದು ತಾನೇ ನಿರ್ಧರಿಸಿ ಋತುವಿನ ನಡುವೆ ನಿಂತಳು. ಮುಂದೆ ಅಗ್ನಿಶಾಮಕ ದಳ ಸೇರಿದಳು. ಅವಳ ಕಥೆಯನ್ನು ಸೋಲೆಂದು ಎಣಿಸುವವರುಂಟೇ? ನಾಲ್ಕು ಬೇಸಿಗೆ ಅವಳು ತನ್ನ ಅಳತೆಯನ್ನು ತಾನೇ ನೋಡಿಕೊಂಡಳು. ಬೇರೆಯವರು ಊಹಿಸಿ ಹೇಳಿದ ಉತ್ತರವನ್ನು ಹೊತ್ತು ಬದುಕಬೇಕಾಗಲಿಲ್ಲ. ಆಟ ಬಿಟ್ಟ ದಿನ ಅವಳಿಗೆ ಇನ್ನೊಂದು ಬದುಕು ಕಟ್ಟುವ ವಯಸ್ಸೂ ಇತ್ತು, ಕಸುವೂ ಇತ್ತು.

ಈಗ ಚಿಕೊಗೆ ಹಿಂದಿರುಗಬಹುದು. 2006ರಲ್ಲಿ ಬೇಡವೆನಿಸಿಕೊಂಡ ನಾವಾ ಆಟ ಬಿಡಲಿಲ್ಲ. 2007ರಲ್ಲಿ ಔಟ್‌ಲಾಸ್ ತಂಡದಲ್ಲಿ ಜಾಗ ಖಾಲಿಯಾದಾಗ ಅವರಿಗೆ ಹಿಂದಿನ ವರ್ಷದ ಆ ಹುಡುಗನ ನೆನಪಾಯಿತು. ಬಂದವನು ಆ ಬೇಸಿಗೆ 0.371ರ ಸರಾಸರಿಯಲ್ಲಿ ಆಡಿದ. ಕ್ರಿಕೆಟ್ ನೋಡುವವರಿಗೆ ಈ ಅಂಕಿ ವಿಚಿತ್ರವೆನಿಸಬಹುದು. ಬೇಸ್‌ಬಾಲಿನಲ್ಲಿ ಹತ್ತು ಸಲ ದಾಂಡು ಹಿಡಿದು ಮೂರು ಸಲ ಹೊಡೆತ ಸರಿಯಾಗಿ ಬಿದ್ದರೆ ಅವನು ಒಳ್ಳೆಯ ದಾಂಡಿಗ. ಉಳಿದ ಏಳು ಸಲ ತಲೆತಗ್ಗಿಸಿ ಬೆಂಚಿಗೆ ಮರಳುವವನೇ. ನಾವಾ ಹತ್ತಕ್ಕೆ ಮೂರೂವರೆಗಿಂತ ಹೆಚ್ಚು ಸಲ ಗೆದ್ದ. ಆ ವರ್ಷ ಸ್ವತಂತ್ರ ಲೀಗುಗಳಲ್ಲಿ ಎಲ್ಲರಿಗಿಂತ ಭರವಸೆಯ ಆಟಗಾರನೆಂದು ಬೇಸ್‌ಬಾಲ್ ಅಮೆರಿಕ ಪತ್ರಿಕೆ ಅವನ ಹೆಸರು ಬರೆಯಿತು.

ಬಾಸ್ಟನ್ ರೆಡ್ ಸಾಕ್ಸ್ ಕೊಳ್ಳಲು ಬಂತು. ಸ್ವತಂತ್ರ ತಂಡದ ಆಟಗಾರನನ್ನು ಮೇಜರ್ ತಂಡ ತೆಗೆದುಕೊಳ್ಳುವಾಗ ತಂಡಕ್ಕೆ ಒಂದಿಷ್ಟು ಹಣ ಕೊಡುವುದು ರೂಢಿ. ನಾವಾಗೆ ಕಟ್ಟಿದ ಬೆಲೆ ಒಂದು ಡಾಲರ್. ವಸಂತದ ತರಬೇತಿ ಮುಗಿದ ಮೇಲೂ ಅವನನ್ನು ಉಳಿಸಿಕೊಂಡರೆ ಇನ್ನೂ 1,499 ಡಾಲರ್ ಎಂದು ಕರಾರಾಯಿತು. ಸಂತೆಯಲ್ಲಿ ಕುರಿ ಕೊಳ್ಳುವವನೂ ಇದಕ್ಕಿಂತ ಹೆಚ್ಚು ಮುಂಗಡ ಕೊಟ್ಟಾನು. ನಾವಾ ಬೆಲೆಯ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ. ಏಣಿಯ ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿ ವರ್ಷಕ್ಕೊಂದು ಮೆಟ್ಟಿಲು ಹತ್ತಿದ.

2010ರ ಜೂನ್ 12. ಬಾಸ್ಟನ್ನಿನ ಫೆನ್‌ವೇ ಪಾರ್ಕ್. ಎದುರಾಳಿ ಫಿಲಡೆಲ್ಫಿಯಾ. ಇಪ್ಪತ್ತೇಳು ವರ್ಷದ ನಾವಾ ಮೇಜರ್ ಲೀಗಿನಲ್ಲಿ ಮೊದಲ ಸಲ ದಾಂಡು ಹಿಡಿದು ನಿಂತಾಗ ಮೂರು ನೆಲೆಗಳಲ್ಲೂ ಅವನ ತಂಡದ ಓಟಗಾರರು ಕಾದು ನಿಂತಿದ್ದರು. ಮೊದಲ ಚೆಂಡು ಮತ್ತೆ ಸಿಗುವುದಿಲ್ಲ, ಬಲವಾಗಿ ಬೀಸು ಎಂದು ತಂಡದ ಪಂದ್ಯಗಳನ್ನು ರೇಡಿಯೊದಲ್ಲಿ ಹೇಳುವ ಹಿರಿಯರೊಬ್ಬರು ಅವನಿಗೆ ಕಿವಿಮಾತು ಹೇಳಿದ್ದರು. ಜೋ ಬ್ಲಾಂಟನ್ ಎಸೆದ. ನಾವಾ ಬೀಸಿದ. ಚೆಂಡು ಗೋಡೆ ದಾಟಿತು. ನಾಲ್ವರೂ ಮನೆ ಸೇರಿ ಒಂದೇ ಹೊಡೆತಕ್ಕೆ ನಾಲ್ಕು ಓಟ. ತಾನು ಎದುರಿಸಿದ ಮೊಟ್ಟಮೊದಲ ಚೆಂಡಿಗೆ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದವರು ಮೇಜರ್ ಲೀಗಿನ ಚರಿತ್ರೆಯಲ್ಲಿ ಅದುವರೆಗೆ ಒಬ್ಬನೇ ಇದ್ದ. ನಾವಾ ಎರಡನೆಯವನಾದ.

ಕಥೆ ಇಲ್ಲಿಯೂ ಮುಗಿಯಲಿಲ್ಲ. ಮರುವರ್ಷ ಅದೇ ಬಾಸ್ಟನ್ ಅವನನ್ನು ಮುಖ್ಯ ಪಟ್ಟಿಯಿಂದ ತೆಗೆಯಿತು. ಬೇಕಾದವರು ಒಯ್ಯಬಹುದು ಎಂದರೂ ಉಳಿದ 29 ತಂಡಗಳಲ್ಲಿ ಒಂದೂ ಕೈಯೆತ್ತಲಿಲ್ಲ. ಅವನು ಮತ್ತೆ ಕೆಳಗಿನ ಮೆಟ್ಟಿಲಿಗೆ ಹೋಗಿ ಆಡಿದ. 2012ರಲ್ಲಿ ಮರಳಿ ಬಂದ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬುಗಳು ಸಿಡಿದು ಊರು ತತ್ತರಿಸಿದ ನಂತರ ತವರಿನಲ್ಲಿ ನಡೆದ ಮೊದಲ ಪಂದ್ಯವನ್ನು ಗೆಲ್ಲಿಸಿದ್ದು ಅವನ ಮೂರು ಓಟದ ಹೋಮ್ ರನ್. ಆ ವರ್ಷ ರೆಡ್ ಸಾಕ್ಸ್ ವಿಶ್ವ ಸರಣಿ ಗೆದ್ದಾಗ ಒಂದು ಡಾಲರಿನ ಆಟಗಾರ ತಂಡದಲ್ಲಿದ್ದ.

ಇಷ್ಟನ್ನು ಓದಿದ ತಂದೆತಾಯಿಗಳು ಒಂದು ಪ್ರಶ್ನೆ ಕೇಳಬೇಕು, ಕೇಳಿಯೇ ಕೇಳುತ್ತಾರೆ. ಒಬ್ಬ ನಾವಾ, ಒಬ್ಬ ಮಿಲ್ಲಾರ್ ಸರಿ. ಉಳಿದವರ ಗತಿಯೇನು? ಉಳಿದವರಲ್ಲಿ ಬಹುಪಾಲು ಜನ ಒಂದೆರಡು ಬೇಸಿಗೆ ಆಡಿ ಮನೆಗೆ ಮರಳುತ್ತಾರೆ. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಕೆಲವರು ಶಾಲೆಗಳಲ್ಲಿ ತರಬೇತುದಾರರಾಗುತ್ತಾರೆ, ಕೆಲವರು ಬಿಟ್ಟ ಓದು ಮುಗಿಸುತ್ತಾರೆ, ಕೆಲವರು ಆಡಿದ ಊರಿನಲ್ಲೇ ಮದುವೆಯಾಗಿ ನೆಲೆಸುತ್ತಾರೆ. ಮೂವತ್ತು ದಾಟಿದರೂ ಇನ್ನೊಂದು ಬೇಸಿಗೆ ನೋಡುತ್ತೇನೆ ಎಂದು ಬಸ್ಸು ಹತ್ತುವವರೂ ಇದ್ದಾರೆ. ಅವರನ್ನು ಕಂಡು ಮನೆಯವರು ಸಂಕಟಪಡುವುದೂ ನಿಜ. ಸ್ವತಂತ್ರ ಲೀಗು ಕೊಡುವುದು ಇನ್ನೊಂದು ಅವಕಾಶವನ್ನು ಮಾತ್ರ. ಅವಕಾಶ ಗೆಲುವಲ್ಲ. ಎಷ್ಟು ದಿನ ಪ್ರಯತ್ನಿಸಬೇಕು, ಯಾವಾಗ ಸಾಕೆನ್ನಬೇಕು ಎಂಬುದನ್ನು ಲೀಗು ಹೇಳುವುದಿಲ್ಲ. ಅದನ್ನು ಹುಡುಗನೇ, ಮನೆಯವರ ಜೊತೆ ಕೂತು, ಹೊರಡುವ ಮೊದಲೇ ಮಾತಾಡಿಕೊಂಡಿರಬೇಕು. ಎರಡು ವರ್ಷದ ಕಾಲೇಜಿಗೆ ಇಳಿದುಹೋಗಲು ನಾವಾ ನಾಚಿಕೊಳ್ಳಲಿಲ್ಲ ಎಂಬುದನ್ನೂ, ಆಟದ ಆಚೆಗೆ ಇನ್ನೊಂದು ಕೆಲಸವಿದೆಯೆಂದು ಐಲಾ ಕಂಡುಕೊಂಡಳು ಎಂಬುದನ್ನೂ ಆಗ ನೆನೆಯಬಹುದು.

ಆಟಗಾರರಂತೆಯೇ ಊರುಗಳೂ ಬೇಡವೆನಿಸಿಕೊಳ್ಳುತ್ತವೆ. ಡುಲುತ್‌ನ ಡ್ಯೂಕ್ಸ್ 2002ರ ನಂತರ ಊರು ಬಿಟ್ಟು ಕಾನ್ಸಾಸ್ ಸಿಟಿಗೆ ಹೋಗಿ ಟಿ-ಬೋನ್ಸ್ ಎಂದು ಹೆಸರು ಬದಲಿಸಿಕೊಂಡಿತು. ವೇಡ್ ಸ್ಟೇಡಿಯಂನಲ್ಲಿ ಮರುವರ್ಷದಿಂದ ಸಂಬಳವಿಲ್ಲದೆ ಆಡುವ ಕಾಲೇಜು ಹುಡುಗರ ಬೇಸಿಗೆ ತಂಡ ಬಂತು. ಊರವರು ಅದನ್ನೇ ತಮ್ಮದೆಂದು ಅಪ್ಪಿಕೊಂಡರು. ಚಿಕೊ ಔಟ್‌ಲಾಸ್ ಇಂದು ಇಲ್ಲ, ಅದು ಆಡುತ್ತಿದ್ದ ಲೀಗೂ ಇಲ್ಲ. 2021ರಲ್ಲಿ ಮೇಜರ್ ಲೀಗಿನವರು ತಮ್ಮ ಏಣಿಯನ್ನು ಚಿಕ್ಕದು ಮಾಡಿ, 160ರಷ್ಟಿದ್ದ ಮೈನರ್ ತಂಡಗಳನ್ನು 120ಕ್ಕೆ ಇಳಿಸಿದರು. ಡ್ರಾಫ್ಟಿನ ಸುತ್ತುಗಳೂ 20ಕ್ಕೆ ಇಳಿದವು. ಕೈಬಿಟ್ಟ ಊರುಗಳಲ್ಲಿ ಕೆಲವು ಸ್ವತಂತ್ರ ಲೀಗುಗಳನ್ನು ಸೇರಿ ಉಳಿದುಕೊಂಡವು. ವಿಚಿತ್ರವೆಂದರೆ ಅದೇ ವರ್ಷ, ಒಂದು ಕಾಲಕ್ಕೆ ಎಲ್ಲರೂ ನಕ್ಕಿದ್ದ ಸೇಂಟ್ ಪಾಲ್ ಸೇಂಟ್ಸ್ ಏಣಿಯ ತುದಿಗೆ ಒಂದೇ ಮೆಟ್ಟಿಲು ಕೆಳಗೆ, ಟ್ವಿನ್ಸ್ ತಂಡದ ಸಹ ತಂಡವಾಗಿ ಏರಿತು. ನದಿಯಾಚೆಯ ದೊಡ್ಡ ತಂಡಕ್ಕೇ ಈಗ ಅದು ಹುಡುಗರನ್ನು ಪಳಗಿಸಿ ಕಳಿಸುತ್ತಿದೆ.

ಇಷ್ಟಾದರೂ ಬೇಸಿಗೆ ಬಂದಾಗ ಸಣ್ಣ ನಗರಗಳಲ್ಲಿ ಆಯ್ಕೆಯ ದಿನ ಗೊತ್ತಾಗುತ್ತದೆ. ಬೇಡವೆನಿಸಿಕೊಂಡವರು ಚೀಲ ಹೊತ್ತು ಬರುತ್ತಾರೆ. ಹಿಂದೆ ನಾವಾನನ್ನು ಬೇಡವೆಂದವರು ಕೆಟ್ಟವರೇನಲ್ಲ. ತಪ್ಪು ಲೆಕ್ಕ ಹಾಕಿದವರೂ ಅಲ್ಲ. ಅವರು ಆ ದಿನದ ಹುಡುಗನನ್ನು ಅಳೆದರು. ಹುಡುಗ ಮಾತ್ರ ಆ ದಿನದಲ್ಲೇ ನಿಂತಿರಲಿಲ್ಲ. ಬೆಳೆಯುತ್ತಿರುವವರನ್ನು ಒಮ್ಮೆ ಅಳೆದು ಕೋಲು ಎತ್ತಿಡುವಂತಿಲ್ಲ. ಎರಡನೆಯ ಸಲ, ಮೂರನೆಯ ಸಲ ಅಳೆಯುವ ಜಾಗವೊಂದು ಎಲ್ಲಾದರೂ ಇರಬೇಕು. ಆ ಜಾಗವನ್ನು ದೊಡ್ಡ ನಗರಗಳು ಕೊಡಲಿಲ್ಲ. ತಮ್ಮ ಬೇಸಿಗೆಯ ಸಂಜೆ ಕಳೆಯಲು ಒಂದು ತಂಡ ಬೇಕೆಂದ ಸಣ್ಣ ಊರುಗಳು ಕೊಟ್ಟವು.

ಡೇನಿಯಲ್ ನಾವಾ ಮುಂದೆ ಬೇರೆ ಬೇರೆ ತಂಡಗಳಲ್ಲಿ ಆಡಿದ. ಬೆನ್ನು ನೋವು ಕಾಡಿತು. ಮೇಜರ್ ಲೀಗಿನ ಬಾಗಿಲು ಮೆಲ್ಲನೆ ಮುಚ್ಚಿತು. 2019ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಅವನು ಮತ್ತೆ ಸ್ವತಂತ್ರ ಲೀಗಿನ ತಂಡವೊಂದಕ್ಕೆ ಸಹಿ ಹಾಕಿದ. ಆ ತಂಡ ಕಾನ್ಸಾಸ್ ಸಿಟಿಯ ಟಿ-ಬೋನ್ಸ್. ಡುಲುತ್‌ನಲ್ಲಿ ಐಲಾ ಬಾರ್ಡರ್ಸ್‌ಗೆ ಚೆಂಡು ಕೊಟ್ಟಿದ್ದ ತಂಡವೇ ಊರೂ ಹೆಸರೂ ಬದಲಿಸಿಕೊಂಡು ಅಲ್ಲಿ ನಿಂತಿತ್ತು. ವಿಶ್ವ ಸರಣಿ ಗೆದ್ದ ತಂಡದ ಆಟಗಾರ, ಡ್ರಾಫ್ಟಿನಲ್ಲಿ ಯಾರೂ ಕೂಗದ ಹುಡುಗರ ಪಕ್ಕದಲ್ಲಿ ಅದೇ ಬೆಂಚಿನ ಮೇಲೆ ಕೂತ.